ಪಾಸ್‌ಬುಕ್ಕೋ, ಪೆಟ್ಟಿಗೆಯೋ: ಮೊಂಡ್ರಾಗೋನಿನ ಪಾದ್ರಿ ಇಟ್ಟ ಲೆಕ್ಕ

‘ಲಿಬ್ರೆತಾ ಓ ಮಲೇತಾ.’ ಸ್ಪೇನಿನ ಉತ್ತರಕ್ಕಿರುವ ಬಾಸ್ಕ್ ನಾಡಿನಲ್ಲಿ 1960ರ ಸುಮಾರಿಗೆ ಒಂದು ಪುಟ್ಟ ಬ್ಯಾಂಕು ಜನರ ಮುಂದಿಟ್ಟ ಪ್ರಚಾರ ವಾಕ್ಯ ಇದು. ಲಿಬ್ರೆತಾ ಎಂದರೆ ಪಾಸ್‌ಬುಕ್ಕು, ಮಲೇತಾ ಎಂದರೆ ಪೆಟ್ಟಿಗೆ. ಉಳಿಸಿದ ದುಡ್ಡನ್ನು ಇಲ್ಲಿ ತಂದಿಡಿ, ಇಲ್ಲವಾದರೆ ಪೆಟ್ಟಿಗೆ ಕಟ್ಟಿಕೊಂಡು ಊರು ಬಿಡಿ ಎಂಬುದು ಅದರ ತಾತ್ಪರ್ಯ. ಟ್ರಂಕು ಹೊತ್ತು ಬೊಂಬಾಯಿಗೆ ಹೊರಟವರನ್ನು ಬಸ್ಸು ಹತ್ತಿಸಿ ಬಂದ ಮನೆಗಳಿಗೆ ಆ ಮಾತಿನ ಮೊನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಬ್ಯಾಂಕನ್ನು ಹಟ ಹಿಡಿದು ಕಟ್ಟಿಸಿದವರು ಹಣಕಾಸು ಬಲ್ಲವರಲ್ಲ, ಒಬ್ಬ ಕ್ಯಾಥೊಲಿಕ್ ಪಾದ್ರಿ. ಹೆಸರು ಹೋಸೆ ಮರಿಯಾ ಅರಿಸ್ಮೆಂಡಿಯರಿಯೆಟಾ. ಅಷ್ಟುದ್ದದ ಹೆಸರು ಬಾಸ್ಕ್ ಜನರಿಗೂ ಭಾರವಾಗಿ ಅದನ್ನು ಅರಿಸ್ಮೆಂಡಿ ಎಂದು ಮೊಟಕು ಮಾಡಿಕೊಂಡರು. ನಾವೂ ಹಾಗೆಯೇ ಕರೆಯೋಣ.

ಬಡವರಿಗಾಗಿ ಬಾಳು ಸವೆಸಿದ ಪಾದ್ರಿ ಎಂದೊಡನೆ ಗಂಜಿ ಬಡಿಸುವ ಕೈ, ಅನಾಥ ಮಕ್ಕಳ ನಡುವೆ ಬಿಳಿ ನಿಲುವಂಗಿ, ರೋಗಿಯ ಹಾಸಿಗೆಯ ಪಕ್ಕದ ಕುರ್ಚಿ ನೆನಪಾಗುತ್ತವೆ. ಅರಿಸ್ಮೆಂಡಿ ಅವರ ಬಗ್ಗೆ ಓದಲು ಹೊರಟವರಿಗೆ ಇವೆಲ್ಲ ಕಡಿಮೆ ಸಿಗುತ್ತವೆ. ಸಿಗುವುದು ಬೈಲಾ, ಸಭಾ ನಡಾವಳಿ, ಲೆಜರು. ಅವರ ಸೇವೆಯ ತಿರುಳು ಇರುವುದು ಲಾಭವನ್ನು ಪುಸ್ತಕದಲ್ಲಿ ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂಬ ತೀರ್ಮಾನದಲ್ಲಿ ಎಂಬುದು ನನ್ನ ಅನಿಸಿಕೆ. ಸಹಕಾರ ಸಂಘ ಎಂದರೆ ವರ್ಷಕ್ಕೊಮ್ಮೆ ಮಹಾಸಭೆ, ಅದರಲ್ಲೊಂದು ಜಗಳ, ಕೊನೆಗೆ ಉಪ್ಪಿಟ್ಟು ಎಂದಷ್ಟೇ ತಿಳಿದವರಿಗೆ ಆ ಕಾಲಮ್ಮಿನ ಕಥೆ ರುಚಿಸಬಹುದು.

ಅವರು ಹುಟ್ಟಿದ್ದು 1915ರ ಏಪ್ರಿಲ್ 22ರಂದು, ಬಿಸ್ಕಾಯಾ ಪ್ರಾಂತ್ಯದ ಮಾರ್ಕಿನಾ ಬಳಿಯ ರೈತ ಮನೆಯಲ್ಲಿ. ಮೂರು ವರ್ಷದ ಮಗುವಾಗಿದ್ದಾಗ ಅವಘಡವೊಂದರಲ್ಲಿ ಎಡಗಣ್ಣು ಹೋಯಿತು. ಬಾಸ್ಕ್ ಪದ್ಧತಿಯಂತೆ ಹಿರಿಯ ಮಗನಾದ ಅವರಿಗೆ ಹೊಲ ಮನೆ ಸಲ್ಲಬೇಕಿತ್ತು. ಅದನ್ನು ಬಿಟ್ಟು ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ ಸೇರಿದರು. ವಿತೋರಿಯಾದ ಸೆಮಿನರಿ ಆಗ ಬರೀ ಜಪತಪದ ಮಠವಾಗಿರಲಿಲ್ಲ. ಕಾರ್ಮಿಕರ ಪಾಡನ್ನು ಕುರಿತು ಪೋಪ್ 13ನೇ ಲಿಯೋ 1891ರಲ್ಲಿ ಹೊರಡಿಸಿದ ಸುತ್ತೋಲೆ, ಅದಕ್ಕೆ 40 ವರ್ಷ ತುಂಬಿದಾಗ 11ನೇ ಪಿಯುಸ್ ಬರೆದ ಇನ್ನೊಂದು, ಎರಡನ್ನೂ ಅಲ್ಲಿ ಓದಿ ಚರ್ಚಿಸುತ್ತಿದ್ದರು. ಆದಷ್ಟು ಹೆಚ್ಚು ದುಡಿಯುವವರು ಆಸ್ತಿಯ ಒಡೆಯರಾಗಬೇಕು ಎಂದು ಮೊದಲನೆಯದು ಹೇಳಿತ್ತು. ಕೂಲಿಯ ಕರಾರು ಸಾಧ್ಯವಾದಲ್ಲೆಲ್ಲ ಪಾಲುಗಾರಿಕೆಯ ಕರಾರಿನತ್ತ ಸರಿಯಲಿ ಎಂದು ಎರಡನೆಯದು. ಬಹುತೇಕ ಸೆಮಿನರಿಗಳಲ್ಲಿ ಇವು ಪರೀಕ್ಷೆಗೆ ಓದಿ ಮರೆಯುವ ಸಾಲುಗಳು. ಈ ಹುಡುಗ ಮರೆಯಲಿಲ್ಲ.

1936ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಬಾಸ್ಕ್ ಸರ್ಕಾರ, ಬಂಡೆದ್ದು ಮುಂದೆ ಸ್ಪೇನಿನ ಸರ್ವಾಧಿಕಾರಿಯಾದ ಸೇನಾನಿ ಫ್ರಾಂಕೋ ವಿರುದ್ಧ ನಿಂತಿತು. ಒಂದೇ ಕಣ್ಣಿನ ಯುವಕನನ್ನು ಯುದ್ಧಭೂಮಿಗೆ ಕಳಿಸುವಂತಿರಲಿಲ್ಲವಾದ್ದರಿಂದ ಅವರು ‘ಎಗುನಾ’ ಎಂಬ ಬಾಸ್ಕ್ ಭಾಷೆಯ ದಿನಪತ್ರಿಕೆಯಲ್ಲಿ ಬರೆದರು. ಬಿಲ್ಬಾವೊ ನಗರ ಬಿದ್ದ ಮೇಲೆ ಬಂಧನವಾಯಿತು. ಜೊತೆಯವರಲ್ಲಿ ಕೆಲವರನ್ನು ಗುಂಡಿಕ್ಕಿ ಕೊಂದರು, ಇವರು ಬದುಕಿಕೊಂಡರು. ವಿಚಾರಣೆಯಲ್ಲಿ ತಾನು ಪತ್ರಕರ್ತ ಎನ್ನದೆ ಬಾಸ್ಕ್ ಸೈನ್ಯದ ಸಂಬಳ ಪಡೆಯುವ ಸೈನಿಕ ಎಂದು ಉತ್ತರಿಸಿದ್ದೇ ಜೀವ ಉಳಿಸಿತು ಎಂದು ಹೇಳುತ್ತಾರೆ. ಯಾವ ಪಟ್ಟಿಯಲ್ಲಿ ಹೆಸರು ಬರುತ್ತದೆ ಎಂಬುದರ ಮೇಲೆ ಮನುಷ್ಯನ ಹಣೆಬರಹ ನಿಲ್ಲುತ್ತದೆ ಎಂಬುದನ್ನು ಅವರು 22ನೇ ವಯಸ್ಸಿಗೇ ಕಂಡಿದ್ದರು.

ಗುರುದೀಕ್ಷೆಯ ನಂತರ ಬೆಲ್ಜಿಯಮ್ಮಿನ ಲೂವೆನ್‌ಗೆ ಹೋಗಿ ಸಮಾಜಶಾಸ್ತ್ರ ಓದುವ ಆಸೆ ಅವರಿಗಿತ್ತು. ಧರ್ಮಾಧ್ಯಕ್ಷರು ಒಪ್ಪದೆ ಮೊಂಡ್ರಾಗೋನ್ ಎಂಬ ಊರಿನ ಧರ್ಮಕೇಂದ್ರಕ್ಕೆ ಸಹಾಯಕ ಗುರುವಾಗಿ ಕಳಿಸಿದರು. 1941ರ ಫೆಬ್ರುವರಿ 5ರಂದು, ಇನ್ನೂ 25 ವರ್ಷದ ತರುಣ, ಬೆಟ್ಟಗಳ ನಡುವಿನ ಆ ಊರಿಗೆ ಬಂದಿಳಿದರು. ಸಾಯುವವರೆಗೂ ಸಹಾಯಕ ಗುರುವಾಗಿಯೇ ಉಳಿದರು. ಬಡ್ತಿ ಇಲ್ಲ, ವರ್ಗಾವಣೆ ಇಲ್ಲ.

ಬಾಸ್ಕ್ ಭಾಷೆಯಲ್ಲಿ ಅರ್ರಸಾತೆ ಎನ್ನುವ ಆ ಊರಲ್ಲಿ ಆಗ ಎಂಟು ಒಂಬತ್ತು ಸಾವಿರ ಜನ. ಊರ ತುಂಬ ಕಬ್ಬಿಣದ ಕೆಲಸ. ಬೀಗ, ಅಗಳಿ, ಎರಕದ ಸಾಮಾನು ಮಾಡುವ ‘ಊನಿಯೋನ್ ಸೆರ್ರಹೇರಾ’ ಎಂಬ ಒಂದೇ ದೊಡ್ಡ ಕಂಪನಿ ಎಲ್ಲವನ್ನೂ ಆಳುತ್ತಿತ್ತು. 1934ರ ಕಾರ್ಮಿಕ ಬಂಡಾಯದಲ್ಲಿ ಅದರ ನಿರ್ದೇಶಕರನ್ನೇ ಕೊಂದಿದ್ದರು. ಎರಡು ವರ್ಷದ ನಂತರ ಊರನ್ನು ಹಿಡಿದ ಫ್ರಾಂಕೋ ಪಡೆಗಳು ಅನೇಕರನ್ನು ಗುಂಡಿಕ್ಕಿದವು. ಸತ್ತವರಲ್ಲಿ ಅದೇ ಚರ್ಚಿನ ಮೂವರು ಪಾದ್ರಿಗಳೂ ಇದ್ದರು. ಅವರ ಪೀಠದ ಮುಂದೆ ನಿಂತು ಈ ಹೊಸಬರು ಬಲಿಪೂಜೆ ಅರ್ಪಿಸಬೇಕಿತ್ತು. ಹೊರಗೆ ಪಡಿತರದ ಸಾಲು, ಮನೆಗಳಲ್ಲಿ ಕ್ಷಯ, ಕೊಲ್ಲಿಸಿದವರ ಮನೆ ಮತ್ತು ಸತ್ತವರ ಮನೆ ಒಂದೇ ಬೀದಿಯಲ್ಲಿ.

ಅವರ ಪ್ರಬೋಧನೆ ಯಾರಿಗೂ ಹಿಡಿಸಲಿಲ್ಲ. ದನಿಯಲ್ಲಿ ಏರಿಳಿತವಿಲ್ಲ, ವಾಕ್ಯಗಳು ಸುರುಳಿ ಸುರುಳಿ. ವೇದಿಕೆಯಿಂದ ಊರನ್ನು ಗೆಲ್ಲಲು ಆಗದು ಎಂದು ಬಹುಶಃ ಅವರಿಗೂ ಗೊತ್ತಾಗಿರಬೇಕು. ಮೇಜಿನ ಸುತ್ತ ಹತ್ತು ಹುಡುಗರನ್ನು ಕೂರಿಸಿಕೊಂಡು ಮಾತಾಡತೊಡಗಿದರು. ಯುವಕರ ಸಂಘ, ಫುಟ್‌ಬಾಲ್ ಮೈದಾನ, ಚಿಕಿತ್ಸಾಲಯ ಹೀಗೆ ಒಂದೊಂದಾಗಿ ಎದ್ದವು. ಫ್ರಾಂಕೋ ಆಳ್ವಿಕೆಯಲ್ಲಿ ನಾಲ್ಕು ಜನ ಸೇರಿದರೆ ಪೊಲೀಸರು ಬರುತ್ತಿದ್ದರು, ಆದರೆ ಚರ್ಚಿನ ‘ಕ್ಯಾಥೊಲಿಕ್ ಆಕ್ಷನ್’ ಸಂಘಟನೆಗೆ ಸಭೆ ಸೇರುವ ಪರವಾನಗಿ ಇತ್ತು. ಆ ಕೊಡೆಯ ಕೆಳಗೆ ಅವರು ಎಲ್ಲವನ್ನೂ ನಡೆಸಿದರು. ಮೊದಲ 15 ವರ್ಷಗಳಲ್ಲಿ ಅವರು ನಡೆಸಿದ ಅಧ್ಯಯನ ಕೂಟಗಳು ಎರಡು ಸಾವಿರ ದಾಟುತ್ತವೆ ಎಂದು ಶಿಷ್ಯರೊಬ್ಬರು ಮುಂದೆ ಲೆಕ್ಕ ಹಾಕಿದ್ದಾರೆ.

ಕಂಪನಿಗೆ ತನ್ನದೇ ಒಂದು ತರಬೇತಿ ಶಾಲೆ ಇತ್ತು. ಅಲ್ಲಿ ಮುಖ್ಯವಾಗಿ ಕಂಪನಿಯ ನೌಕರರ ಮಕ್ಕಳಿಗೆ ಮಾತ್ರ ಜಾಗ. ಎಲ್ಲರಿಗೂ ಬಾಗಿಲು ತೆರೆಯಿರಿ ಎಂದು ಪಾದ್ರಿ ಕೇಳಿದರು, ಕಂಪನಿ ಒಪ್ಪಲಿಲ್ಲ. ಆಗ ಅವರು ಊರಿನ ಬೀದಿಮೂಲೆಗಳಲ್ಲಿ ಪೆಟ್ಟಿಗೆ ಇರಿಸಿದರು. ನಮ್ಮದೇ ಶಾಲೆ ಬೇಕು ಎನ್ನುವವರು ತಮ್ಮ ಹೆಸರು ಬರೆದು, ದುಡ್ಡು ಕೊಡುತ್ತೀರೋ, ದುಡಿಮೆ ಕೊಡುತ್ತೀರೋ ನಮೂದಿಸಿ ಚೀಟಿ ಹಾಕಬೇಕು. ಸುಮಾರು 600 ಚೀಟಿ ಬಿದ್ದವು. ಯಾರೊಬ್ಬರೂ ಬಾಯಿಬಿಟ್ಟು ರಾಜಕೀಯ ಮಾತಾಡಲು ಹೆದರುತ್ತಿದ್ದ ಕಾಲದಲ್ಲಿ, ಮತಪೆಟ್ಟಿಗೆಯೇ ಇಲ್ಲದ ದೇಶದಲ್ಲಿ, ಅದೊಂದು ಬಗೆಯ ಚುನಾವಣೆಯೇ ಆಯಿತು. 1943ರ ಅಕ್ಟೋಬರಿನಲ್ಲಿ 20 ಹುಡುಗರೊಂದಿಗೆ ತಾಂತ್ರಿಕ ಶಾಲೆ ಶುರುವಾಯಿತು. ಫಿಟ್ಟರ್, ಟರ್ನರ್ ಮಟ್ಟಕ್ಕೆ ಅದು ನಿಲ್ಲಲಿಲ್ಲ. ಹನ್ನೊಂದು ಮಂದಿ ಹಗಲು ಕಾರ್ಖಾನೆಯಲ್ಲಿ ದುಡಿದು, ರಾತ್ರಿ ಓದಿ, ಸರಗೋಸಾ ವಿಶ್ವವಿದ್ಯಾಲಯಕ್ಕೆ ಪರೀಕ್ಷೆಗಷ್ಟೇ ಹೋಗಿ ಬಂದು 1952ರಲ್ಲಿ ತಾಂತ್ರಿಕ ಪದವಿ ಪಡೆದರು. ಜ್ಞಾನ ಎಲ್ಲರಿಗೂ ಹಂಚಿಹೋಗದೆ ಅಧಿಕಾರ ಹಂಚಿಹೋಗದು ಎಂಬುದು ಪಾದ್ರಿಯ ಪಟ್ಟು.

ಇವರಲ್ಲಿ ಐವರು ಬೀಗದ ಕಂಪನಿಯಲ್ಲೇ ಮೇಲಿನ ಹುದ್ದೆಗೇರಿದ್ದರು. ಕಂಪನಿ ಬಂಡವಾಳ ಹೆಚ್ಚಿಸಿಕೊಳ್ಳುವಾಗ ಕೆಲಸಗಾರರಿಗೂ ಪಾಲು ಕೊಡಿ ಎಂದು ಕೇಳಿ ನೋಡಿದರು. ಆಗುವುದಿಲ್ಲ ಎಂಬ ಉತ್ತರ ಬಂತು. ಕೆಲಸ ಬಿಟ್ಟರು. ಅಂದಿನ ಸ್ಪೇನಿನಲ್ಲಿ ಹೊಸ ಕಾರ್ಖಾನೆಗೆ ಸರ್ಕಾರದ ಲೈಸೆನ್ಸು ಬೇಕು, ಅದು ಸಿಗುವುದು ಗಗನಕುಸುಮ. ಹಾಗಾಗಿ 1955ರಲ್ಲಿ ವಿತೋರಿಯಾದಲ್ಲಿ ಮುಳುಗಿಹೋಗಿದ್ದ ಒಂದು ವರ್ಕ್‌ಶಾಪನ್ನು ಲೈಸೆನ್ಸಿನ ಆಸೆಗೇ ಕೊಂಡರು. ದುಡ್ಡು ಬಂದದ್ದು ಊರಿನ ಸುಮಾರು ನೂರು ಜನರ ಕೈಸಾಲದಿಂದ. ಕಾಗದಪತ್ರದ ಭದ್ರತೆಗಿಂತ ಆ ಹುಡುಗರ ಮುಖ, ಅವರ ಹಿಂದೆ ನಿಂತ ಪಾದ್ರಿಯ ಮುಖ ನೋಡಿ ಕೊಟ್ಟ ಸಾಲ. 1956ರಲ್ಲಿ ಮೊಂಡ್ರಾಗೋನಿನಲ್ಲೇ ಕಟ್ಟಡ ಎದ್ದಿತು. ಐವರ ಹೆಸರು ಉಸಾತೊರೆ, ಲರನ್ಯಾಗ, ಗೊರೊನ್ಯೊಗೊಯ್ತಿಯಾ, ಒರ್ಮೆಚಿಯಾ, ಒರ್ತುಬಾಯ್. ಮೊದಲಕ್ಷರಗಳನ್ನು ಪೋಣಿಸಿ ಅದಕ್ಕೆ ‘ಉಲ್ಗೋರ್’ ಎಂದು ಹೆಸರಿಟ್ಟರು. ಮೊದಲ ಸರಕು ಸೀಮೆಎಣ್ಣೆಯ ಸ್ಟವ್.

ಇನ್ನು ಬೈಲಾ. ಕಂಪನಿ ಕಾನೂನಿನಡಿ ನೋಂದಾಯಿಸಿದರೆ ಷೇರು ಹೆಚ್ಚು ಇದ್ದವರಿಗೆ ಮತ ಹೆಚ್ಚು. ಸಹಕಾರ ಕಾನೂನಿನಡಿ ಹೋದರೆ ಒಬ್ಬರಿಗೆ ಒಂದೇ ಮತ, ಆದರೆ ಅದರಲ್ಲಿ ದೊಡ್ಡ ಕಾರ್ಖಾನೆ ನಡೆಸಿದವರು ಕಡಿಮೆ. ಪಕ್ಕದ ಐಬಾರ್ ಪಟ್ಟಣದಲ್ಲಿ ಸಮಾಜವಾದಿ ಕಾರ್ಮಿಕರು 1920ರಲ್ಲಿ ಶುರು ಮಾಡಿದ ‘ಆಲ್ಫಾ’ ಎಂಬ ಹೊಲಿಗೆ ಯಂತ್ರದ ಸಹಕಾರಿ ಇತ್ತು, ಅಂದರೆ ಈ ಯೋಚನೆ ಪಾದ್ರಿಯ ಸ್ವಂತದ್ದಲ್ಲ. ಅವರು ಕಾನೂನು ಪುಸ್ತಕ ಹಿಡಿದು ಕೂತು, ಮ್ಯಾಡ್ರಿಡ್‌ನ ಸಹಕಾರ ಕಾನೂನು ತಜ್ಞರೊಬ್ಬರ ಸಲಹೆ ಪಡೆದು, ವಾಕ್ಯ ವಾಕ್ಯವಾಗಿ ನಿಯಮಾವಳಿ ತಿದ್ದಿದರು. ಮಂಜೂರಾಗಿ ಬರುವಷ್ಟರಲ್ಲಿ 1959 ಆಗಿತ್ತು.

ಇಲ್ಲಿ ನಮ್ಮ ಸಹಕಾರ ಸಂಘಗಳಿಗೂ ಅವರದಕ್ಕೂ ಇರುವ ಒಂದು ಮುಖ್ಯ ಭೇದವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕರ್ನಾಟಕಕ್ಕೆ ಸಹಕಾರ ಹೊಸದಲ್ಲ. ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಪತ್ತಿನ ಸಂಘ ಹುಟ್ಟಿತು. ಆದರೆ ನಮ್ಮ ಹಾಲಿನ ಡೇರಿಯ ಒಡೆಯರು ಹಾಲು ಹಾಕುವ ರೈತರು; ಡೇರಿಯೊಳಗೆ ಕ್ಯಾನು ತೊಳೆಯುವವರು, ಪ್ಯಾಕೆಟ್ ತುಂಬುವವರು ಸಂಬಳದ ನೌಕರರು. ಪತ್ತಿನ ಸಂಘದ ಒಡೆಯರು ಸಾಲ ಪಡೆಯುವವರು. ಒಳಗಿನ ಗುಮಾಸ್ತರು ನೌಕರರು. ಮೊಂಡ್ರಾಗೋನಿನಲ್ಲಿ ಕ್ಯಾನು ತೊಳೆಯುವವರೇ ಒಡೆಯರು. ಹೊರಗಿನವರಿಗೆ ಷೇರಿಲ್ಲ. ಕೆಲಸ ಮಾಡುವವರ ಮಹಾಸಭೆ ಆಡಳಿತ ಮಂಡಳಿಯನ್ನು ಆರಿಸುತ್ತದೆ, ಮಂಡಳಿ ಮ್ಯಾನೇಜರನ್ನು ನೇಮಿಸುತ್ತದೆ. ಹಾಗಾಗಿ ಲೇತ್ ಯಂತ್ರದ ಮುಂದೆ ನಿಂತವರು ಬೆಳಗ್ಗೆ ಮ್ಯಾನೇಜರ ಮಾತು ಕೇಳುತ್ತಾರೆ, ಮಹಾಸಭೆಯ ದಿನ ಮ್ಯಾನೇಜರು ಅವರ ಮಾತು ಕೇಳಬೇಕಾಗುತ್ತದೆ.

ಕೆಲಸಗಾರರೇ ಒಡೆಯರು ಎಂದ ಮೇಲೆ ಸಂಬಳ ಎಂಬ ಮಾತೇ ಅಲ್ಲಿ ಸಲ್ಲಲಿಲ್ಲ. ಸಂಬಳವನ್ನು ಯಾರು ಯಾರಿಗೆ ಕೊಡುವುದು? ತಿಂಗಳಿಗೆ ಕೈಗೆ ಬರುವ ಹಣಕ್ಕೆ ಅವರು ಇಟ್ಟ ಹೆಸರು ‘ಅಂತಿಸಿಪೋ’, ಎಂದರೆ ಮುಂಗಡ. ವರ್ಷದ ಕೊನೆಗೆ ಬರಬಹುದಾದ ಗಳಿಕೆಯಲ್ಲಿ ಈಗಲೇ ಎಣಿಸಿಕೊಂಡ ಪಾಲು. ಅತಿ ಕಡಿಮೆ ಮುಂಗಡಕ್ಕೂ ಅತಿ ಹೆಚ್ಚಿನ ಮುಂಗಡಕ್ಕೂ ಅಂತರ ಒಂದಕ್ಕೆ ಮೂರು ಮಾತ್ರ. ಇಂದು ಅದು ಅತಿ ದೊಡ್ಡ ಹುದ್ದೆಗಳಲ್ಲಿ ಒಂದಕ್ಕೆ ಆರರವರೆಗೆ ಸಡಿಲಿದೆ. ತಳಮಟ್ಟದ ಕೆಲಸಗಾರರಿಗೆ ಊರಿನ ಇತರ ಕಾರ್ಖಾನೆಗಳಷ್ಟೇ ಬರುತ್ತಿತ್ತು. ಕಡಿಮೆ ಬರುತ್ತಿದ್ದುದು ಮ್ಯಾನೇಜರುಗಳಿಗೆ.

ಇನ್ನು ನಾನು ಮೊದಲೇ ಹೇಳಿದ ಕಾಲಮ್ಮು. ಕಾರ್ಮಿಕರ ಸಹಕಾರಿ ಕಾರ್ಖಾನೆಗಳು ಜಗತ್ತಿನಲ್ಲಿ ಸಾಯುವುದು ಸಾಮಾನ್ಯವಾಗಿ ಎರಡು ಕಾಯಿಲೆಯಿಂದ. ಒಂದು, ಲಾಭ ಬಂದಾಗ ಎಲ್ಲರೂ ಹಂಚಿಕೊಂಡು ತಿಂದುಬಿಡುತ್ತಾರೆ, ಹೊಸ ಯಂತ್ರಕ್ಕೆ ದುಡ್ಡಿರುವುದಿಲ್ಲ. ಇನ್ನೊಂದು ವಿಚಿತ್ರವಾದದ್ದು: ಚೆನ್ನಾಗಿ ನಡೆದದ್ದಕ್ಕೇ ಸಾಯುವುದು. ಅಮೆರಿಕದ ವಾಯವ್ಯ ಭಾಗದ ಪ್ಲೈವುಡ್ ಸಹಕಾರಿಗಳಲ್ಲಿ ಹೀಗಾಯಿತು. ಲಾಭ ಏರಿದಂತೆ ಷೇರಿನ ಬೆಲೆಯೂ ಏರಿತು. ಮುದುಕರಾದ ಸದಸ್ಯರು ನಿವೃತ್ತರಾಗುವಾಗ ಆ ಬೆಲೆ ಕೊಟ್ಟು ಕೊಳ್ಳುವ ತಾಕತ್ತು ಕೆಲಸ ಕೇಳಿ ಬಂದ ಹುಡುಗರಿಗೆ ಇರಲಿಲ್ಲ. ಕೊನೆಗೆ ದೊಡ್ಡ ಕಂಪನಿ ಬಂದು ಇಡೀ ಕಾರ್ಖಾನೆಯನ್ನೇ ಕೊಂಡಿತು.

ಮೊಂಡ್ರಾಗೋನಿನವರು ಷೇರನ್ನು ಮಾರುಕಟ್ಟೆಯ ವಸ್ತುವಾಗಲು ಬಿಡದೆ ಅದನ್ನು ಒಂದು ಖಾತೆಯಾಗಿ ಮಾಡಿದರು. ನಮ್ಮ ರೂಪಾಯಿಯಲ್ಲಿ, ಸುಲಭವಾಗುವಂಥ ಕಾಲ್ಪನಿಕ ಅಂಕಿಗಳಲ್ಲಿ ನೋಡೋಣ. 200 ಜನರ ಒಂದು ಕಾರ್ಖಾನೆ. ಹೊಸದಾಗಿ ಸೇರುವಾಕೆ ಒಂದು ಲಕ್ಷ ರೂಪಾಯಿ ಪಾಲುಬಂಡವಾಳ ಕಟ್ಟಬೇಕು. ಕೈಯಲ್ಲಿಲ್ಲದಿದ್ದರೆ ತಿಂಗಳ ಮುಂಗಡದಲ್ಲಿ ಕಂತಾಗಿ ಹಿಡಿಯುತ್ತಾರೆ. ಅದರಲ್ಲಿ 20,000 ಎಂದೂ ವಾಪಸಾಗದ ಸಾಮೂಹಿಕ ನಿಧಿಗೆ. ಆಕೆಗಿಂತ ಮೊದಲು ಬಂದವರು ಕಟ್ಟಿಟ್ಟದ್ದನ್ನು ಬಳಸಿಕೊಳ್ಳುವುದಕ್ಕೆ ತೆತ್ತ ಪ್ರವೇಶಧನ ಎನ್ನಿ. ಉಳಿದ 80,000 ಆಕೆಯ ಹೆಸರಿನ ಖಾತೆಗೆ. ಆ ವರ್ಷ ಎಲ್ಲ ಖರ್ಚು ಕಳೆದು ಒಂದು ಕೋಟಿ ಮಿಕ್ಕಿತು. ಕನಿಷ್ಠ ಹತ್ತನೇ ಒಂದು ಪಾಲು, ಅಂದರೆ 10 ಲಕ್ಷ, ಊರಿನ ಶಿಕ್ಷಣಕ್ಕೆ ಮತ್ತು ಸಮಾಜದ ಕೆಲಸಕ್ಕೆ. 40 ಲಕ್ಷ ಸಾಮೂಹಿಕ ನಿಧಿಗೆ. ಉಳಿದ 50 ಲಕ್ಷ ಸದಸ್ಯರಿಗೆ, ಅವರ ದುಡಿಮೆ ಮತ್ತು ದರ್ಜೆಗೆ ತಕ್ಕಂತೆ. ಈಕೆಯ ಪಾಲು 20,000 ಎಂದಿಟ್ಟುಕೊಳ್ಳಿ.

ಆ 20,000 ಆಕೆಯ ಕೈಗೆ ಬರುವುದಿಲ್ಲ. ಖಾತೆಗೆ ಜಮೆಯಾಗುತ್ತದೆ. ಈಗ ಖಾತೆಯಲ್ಲಿ ಒಂದು ಲಕ್ಷ, ಅದರ ಬಡ್ಡಿ ಮಾತ್ರ ನಗದು. ಅಸಲು ಸಿಗುವುದು ನಿವೃತ್ತಿಯ ದಿನ. ನಡುವೆ ನಷ್ಟದ ವರ್ಷ ಬಂದರೆ ಅದೇ ಖಾತೆಯಿಂದ ಕಳೆಯುತ್ತಾರೆ. ಹೀಗೆ ಲಾಭ ಆಕೆಯದೇ, ಬರೆದಿರುವುದು ಆಕೆಯ ಹೆಸರಿನಲ್ಲೇ, ಆದರೆ ದುಡಿಯುತ್ತಿರುವುದು ಕಾರ್ಖಾನೆಯಲ್ಲಿ. ಲಾಭವನ್ನು ತಿಂದುಹಾಕುವ ಮೊದಲ ಕಾಯಿಲೆಗೆ ಇದು ಮದ್ದು. ಎರಡನೆಯದಕ್ಕೂ ಇದೇ: ಆಕೆ ಹೋಗುವಾಗ ತನ್ನ ಖಾತೆಯ ಹಣ ತೆಗೆದುಕೊಂಡು ಹೋಗುತ್ತಾಳೆ, ಜಾಗವನ್ನು ಮಾರುವುದಿಲ್ಲ. ಮುಂದೆ ಬರುವ ಹುಡುಗಿಗೂ ಪ್ರವೇಶಕ್ಕೆ ಸುಮಾರು ಅಷ್ಟೇ ಮೊತ್ತ. ಸಾಮೂಹಿಕ ನಿಧಿಯನ್ನಂತೂ ಯಾರೂ ಪಾಲು ಮಾಡಿಕೊಳ್ಳುವಂತಿಲ್ಲ. ಅವಿಭಕ್ತ ಕುಟುಂಬದ ಮೂಲ ಆಸ್ತಿಯೂ ಸ್ವಂತ ಗಳಿಕೆಯೂ ಒಂದೇ ಮನೆಯ ಎರಡು ಕಪಾಟಿನಲ್ಲಿ ಇದ್ದ ಹಾಗೆ.

ಇದರಲ್ಲಿ ಬಡವರ ಸೇವೆ ಎಲ್ಲಿ ಬಂತು ಎಂದು ಕೇಳಬಹುದು. 30 ವರ್ಷ ಲೇತ್ ತಿರುಗಿಸಿದವರು ನಿವೃತ್ತಿಯ ದಿನ ಬರಿಗೈಯಲ್ಲಿ ಹೋಗಲಿಲ್ಲ, ಅಷ್ಟೇ. ಅನ್ನ ಕೊಟ್ಟವರ ಮುಖ ನೋಡಿ ಕೈಮುಗಿಯುವ ಪ್ರಸಂಗವೂ ಬರಲಿಲ್ಲ.

ಕಾರ್ಖಾನೆ ಒಂದು ಹಿಡಿತಕ್ಕೆ ಬಂದೊಡನೆ ಪಾದ್ರಿ ಇನ್ನೊಂದು ಪ್ರಸ್ತಾಪ ತಂದರು: ಬ್ಯಾಂಕು ಮಾಡೋಣ. ಶಿಷ್ಯರು ದಂಗಾದರು. ಸ್ಟವ್ ಮಾಡಲು ಕಲಿಯುವುದೇ ಸಾಕಾಗಿದೆ, ಬ್ಯಾಂಕಿನ ಗಂಧಗಾಳಿಯೂ ನಮಗಿಲ್ಲ ಎಂದು ತಳ್ಳಿಹಾಕಿದರು. ಪಾದ್ರಿ ಸುಮ್ಮನಾದರು, ಅಥವಾ ಸುಮ್ಮನಾದಂತೆ ಕಂಡರು. ಸ್ಥಾಪಕರೇ ಮುಂದೆ ಹೇಳಿಕೊಂಡ ಪ್ರಕಾರ, ಅವರು ಬ್ಯಾಂಕಿನ ಸ್ಥಾಪನಾ ಸಭೆಯ ನಡಾವಳಿಯನ್ನು ತಾವೇ ಬರೆದು, ಇಬ್ಬರು ಶಿಷ್ಯರ ಸಹಿಯನ್ನೂ ತಾವೇ ಹಾಕಿ ಅಧಿಕಾರಿಗಳಿಗೆ ಸಲ್ಲಿಸಿದರು. ಪಾದ್ರಿ ಮಾಡಿದ ಖೋಟಾ ಸಹಿ! ಸಂತರ ಚರಿತ್ರೆ ಬರೆಯುವವರು ಈ ಪ್ರಸಂಗವನ್ನು ಮೆಲ್ಲಗೆ ದಾಟುತ್ತಾರೆ. ನನಗೆ ಅವರು ಮನುಷ್ಯರಾಗಿ ಕಂಡದ್ದು ಇಲ್ಲಿ. ಹಾಗೆಂದು ಆ ಸಹಿಯನ್ನು ಮೆಚ್ಚುತ್ತಿಲ್ಲ.

1959ರಲ್ಲಿ ‘ಕಾಹಾ ಲಬೋರಾಲ್’ ಬಾಗಿಲು ತೆರೆಯಿತು. ಸಹಕಾರಿ ಬ್ಯಾಂಕಾದ್ದರಿಂದ ಬೇರೆ ಬ್ಯಾಂಕುಗಳಿಗಿಂತ ಅರ್ಧ ಶೇಕಡಾ ಹೆಚ್ಚು ಬಡ್ಡಿ ಕೊಡಲು ಕಾನೂನಿನಲ್ಲಿ ಅವಕಾಶವಿತ್ತು. ಆ ಸಂದನ್ನು ಪಾದ್ರಿ ಹುಡುಕಿ ಇಟ್ಟುಕೊಂಡಿದ್ದರು. ಪಾಸ್‌ಬುಕ್ಕೋ ಪೆಟ್ಟಿಗೆಯೋ ಎಂಬ ಮಾತು ಕಣಿವೆಯ ಹಳ್ಳಿಗಳಿಗೆ ತಲುಪಿತು. ರೈತ ಹಂದಿ ಮಾರಿದ ದುಡ್ಡು, ಅಂಗಡಿಯವರ ಗಲ್ಲಾಪೆಟ್ಟಿಗೆಯ ದುಡ್ಡು ಇಲ್ಲಿಗೆ ಬಂದು ಸೇರಿ, ಸಾಲವಾಗಿ ಹೊಸ ಸಹಕಾರಿಗಳಿಗೆ ಹೋಯಿತು. ಬ್ಯಾಂಕು ಬರೀ ಸಾಲ ಕೊಟ್ಟು ಕೂರಲಿಲ್ಲ. ಅದರೊಳಗೆ ಒಂದು ವಿಭಾಗವೇ ಇತ್ತು: ಹತ್ತು ಜನ ಸೇರಿ ಫ್ಯಾಕ್ಟರಿ ಮಾಡುತ್ತೇವೆ ಎಂದು ಬಂದರೆ ಅವರ ಜೊತೆ ಕೂತು ಮಾರುಕಟ್ಟೆ ನೋಡಿ, ಯಂತ್ರದ ಬೆಲೆ ಕೇಳಿ, ಯೋಜನೆ ಬರೆದುಕೊಡುವುದು ಅದರ ಕೆಲಸ. ಬದಲಿಗೆ ಸಹಕಾರಿಗಳು ತಮ್ಮ ಹಣವನ್ನು ಇಲ್ಲೇ ಇಡಬೇಕು, ಲೆಕ್ಕ ತೋರಿಸಬೇಕು. ಬ್ಯಾಂಕಿನ ನೌಕರರ ಲಾಭಾಂಶವನ್ನು ಆ ಸಹಕಾರಿಗಳ ಗಳಿಕೆಗೆ ಗಂಟುಹಾಕಿದ್ದರು. ಸಾಲಗಾರ ಮುಳುಗಿದರೆ ಬ್ಯಾಂಕಿನವರ ಜೇಬಿಗೂ ಬಿಸಿ.

ಅದೇ ಹೊತ್ತಿಗೆ ಸರ್ಕಾರ ಒಂದು ಹೊಡೆತ ಕೊಟ್ಟಿತು. ನೀವು ಕಾರ್ಮಿಕರಲ್ಲ, ಒಡೆಯರು. ಹಾಗಾಗಿ ಕಾರ್ಮಿಕರ ಸಾಮಾಜಿಕ ವಿಮೆ ನಿಮಗಿಲ್ಲ ಎಂದಿತು. ಕಾಯಿಲೆ, ಹೆರಿಗೆ, ಪಿಂಚಣಿ ಎಲ್ಲವೂ ಒಮ್ಮೆಗೇ ಗಾಳಿಗೆ. ಅದಕ್ಕೆ ಉತ್ತರವಾಗಿ ‘ಲಗುನ್ ಆರೋ’ ಎಂಬ ಸ್ವಂತ ವಿಮಾ ವ್ಯವಸ್ಥೆ ಹುಟ್ಟಿತು. ನಂತರದ ಸಂಸ್ಥೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1966ರಲ್ಲಿ ವಿದ್ಯಾರ್ಥಿಗಳು ಅರ್ಧ ದಿನ ದುಡಿದು ಅರ್ಧ ದಿನ ಓದುವ ‘ಅಲೆಕೋಪ್’, 1969ರಲ್ಲಿ ಸಣ್ಣ ಗ್ರಾಹಕ ಸಂಘಗಳು ಸೇರಿ ಆದ ‘ಎರೋಸ್ಕಿ’ ಅಂಗಡಿಗಳು, 1974ರಲ್ಲಿ ಸಂಶೋಧನೆಗೆ ‘ಇಕೆರ್ಲಾನ್’. ಇವುಗಳ ನಡುವೆ ‘ಔಸೋ ಲಗುನ್’ ಸ್ವಲ್ಪ ನಿಂತು ನೋಡಬೇಕಾದದ್ದು. ಮದುವೆಯಾದ ಹೆಣ್ಣು ಕಾರ್ಖಾನೆ ಬಿಡಬೇಕು ಎಂಬ ರೂಢಿ ಅಂದಿನ ಸ್ಪೇನಿನಲ್ಲಿತ್ತು, ಸಮಾನತೆ ಸಾರುವ ಈ ಸಹಕಾರಿಗಳೂ ಅದನ್ನೇ ಪಾಲಿಸಿದ್ದವು. ಪಾದ್ರಿ ಅದನ್ನು ಪ್ರಶ್ನಿಸಿ, ಗೃಹಿಣಿಯರು ಅರೆಕಾಲಿಕವಾಗಿ ದುಡಿದು ಒಡೆಯರೂ ಆಗುವಂತೆ ಅಡುಗೆ ಮತ್ತು ಸ್ವಚ್ಛತೆಯ ಈ ಸಹಕಾರಿಗೆ ದಾರಿ ಮಾಡಿದರು. ಅಡುಗೆ ಮತ್ತು ಸ್ವಚ್ಛತೆಯೇ ಏಕೆ, ಲೇತ್ ಏಕಲ್ಲ ಎಂದು ಇಂದು ಕೇಳುವುದು ಸರಿಯೇ.

ಇಷ್ಟೆಲ್ಲದರಲ್ಲಿ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ಅಧ್ಯಕ್ಷರಲ್ಲ, ನಿರ್ದೇಶಕರಲ್ಲ, ಸದಸ್ಯರೂ ಅಲ್ಲ. ತಾಂತ್ರಿಕ ಶಾಲೆಯ ಒಂದು ಕೋಣೆಯಲ್ಲಿ ಕೂತು ಓದುವುದು, ಬರೆಯುವುದು, ಬಂದವರನ್ನು ಪ್ರಶ್ನೆ ಕೇಳಿ ಕಳಿಸುವುದು. ಓಡಾಟಕ್ಕೆ ಸೈಕಲ್ಲು. ಎಡಪಂಥೀಯರಿಗೆ ಅವರು ಕಾರ್ಮಿಕರನ್ನು ಪುಟ್ಟ ಬಂಡವಾಳಿಗರನ್ನಾಗಿ ಮಾಡಿ ಹೋರಾಟದ ಕಾವು ಆರಿಸಿದವರು. ಬಲಪಂಥೀಯರಿಗೆ ನಿಲುವಂಗಿ ತೊಟ್ಟ ಕೆಂಪು ಪಾದ್ರಿ.

ಎಡದವರ ಟೀಕೆ ಪೂರ್ತಿ ಸುಳ್ಳೆಂದು ತಳ್ಳಿಹಾಕಲು ಬರುವುದಿಲ್ಲ. ಉಲ್ಗೋರ್ ಬೆಳೆದು ಮೂರು ಸಾವಿರಕ್ಕೂ ಹೆಚ್ಚು ಜನರ ಕಾರ್ಖಾನೆಯಾಗಿದ್ದಾಗ, 1974ರಲ್ಲಿ, ಯಾವ ಕೆಲಸಕ್ಕೆ ಎಷ್ಟು ದರ್ಜೆ ಎಂಬ ಹೊಸ ಶ್ರೇಣೀಕರಣವನ್ನು ವಿರೋಧಿಸಿ ಒಂದು ಗುಂಪು ಮುಷ್ಕರ ಹೂಡಿತು. ಒಡೆಯರೇ ತಮ್ಮ ವಿರುದ್ಧ ತಾವೇ ಮುಷ್ಕರ ಹೂಡುವುದೆಂದರೇನು? ಬೈಲಾ ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಆಡಳಿತ ಮಂಡಳಿ 17 ಮಂದಿಯನ್ನು ಹೊರಹಾಕಿತು, ಮಹಾಸಭೆ ಅದನ್ನು ಎತ್ತಿಹಿಡಿಯಿತು. ಒಬ್ಬರಿಗೆ ಒಂದು ಮತ ಇದ್ದರೂ ಮೂರು ಸಾವಿರ ಜನರ ಸಭೆಯಲ್ಲಿ ಕೊನೆಯ ಸಾಲಿನವರ ದನಿ ವೇದಿಕೆಗೆ ತಲುಪುವುದಿಲ್ಲ ಎಂಬುದು ಅಂದು ಎಲ್ಲರಿಗೂ ಗೊತ್ತಾಯಿತು. ಸಹಕಾರಿಗಳನ್ನು ಸಣ್ಣದಾಗಿಡಬೇಕು ಎಂಬ ವಿವೇಕ ಆಮೇಲೆ ಬಂತು. ಹೊರಹೋದವರನ್ನು ಮರಳಿ ಸೇರಿಸಿಕೊಳ್ಳಲು ಸಭೆ ಒಪ್ಪುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು, ಪಾದ್ರಿ ಬದುಕಿರಲಿಲ್ಲ.

ಹೃದಯದ ಕಾಯಿಲೆ ಅವರನ್ನು ಬಹಳ ವರ್ಷ ಕಾಡಿತು. 1968ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. 1976ರ ನವೆಂಬರ್ 29ರಂದು ಮೊಂಡ್ರಾಗೋನಿನಲ್ಲೇ ತೀರಿಕೊಂಡರು. ಅವರನ್ನು ಸಂತ ಪದವಿಗೇರಿಸುವ ಪ್ರಕ್ರಿಯೆ ರೋಮಿನಲ್ಲಿ ನಡೆದಿದೆ. 2015ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ‘ವಂದನೀಯ’ ಎಂದು ಘೋಷಿಸಿದರು. ಮುಂದಿನ ಮೆಟ್ಟಿಲಿಗೆ ಅವರ ಮಧ್ಯಸ್ಥಿಕೆಯಿಂದ ನಡೆದ ಒಂದು ಪವಾಡ ಬೇಕು, ಸಾಮಾನ್ಯವಾಗಿ ವೈದ್ಯರು ಕಾರಣ ಹೇಳಲಾರದ ಒಂದು ಗುಣವಾಗುವಿಕೆ. ಬ್ಯಾಲೆನ್ಸ್ ಶೀಟು ನಡೆಯುವುದಿಲ್ಲ.

ಉಲ್ಗೋರ್ ಮುಂದೆ ‘ಫಾಗೋರ್’ ಹೆಸರಿನಲ್ಲಿ ಫ್ರಿಜ್ಜು, ವಾಷಿಂಗ್ ಮಷೀನು ಮಾಡುವ ದೊಡ್ಡ ಸಂಸ್ಥೆಯಾಯಿತು. ವಿದೇಶದ ಕಾರ್ಖಾನೆಗಳನ್ನು ಕೊಂಡಿತು, ಸಾಲ ಮಾಡಿತು. ಅಲ್ಲಿನ ಕೆಲಸಗಾರರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲಿಲ್ಲ. ಅವರು ಎಲ್ಲ ಕಂಪನಿಗಳಲ್ಲಿರುವಂಥ ನೌಕರರೇ. ಇಡೀ ಮೊಂಡ್ರಾಗೋನ್ ಪ್ರಯೋಗದ ಮೇಲಿರುವ ಅತಿ ಗಟ್ಟಿಯಾದ ಆಕ್ಷೇಪ ಇದೇ. 2008ರ ನಂತರ ಸ್ಪೇನಿನಲ್ಲಿ ಮನೆ ಕಟ್ಟುವುದು ನಿಂತಿತು, ಫ್ರಿಜ್ಜು ಕೊಳ್ಳುವವರೂ ಇಲ್ಲವಾದರು. ಮೊಂಡ್ರಾಗೋನಿನ ಸಹಕಾರಿಗಳೆಲ್ಲ ಸೇರಿದ ಒಕ್ಕೂಟದ ಬೇರೆ ಸಹಕಾರಿಗಳು ವರ್ಷಗಟ್ಟಲೆ ತಮ್ಮ ಗಂಟಿನಿಂದ ನೆರವು ಕೊಟ್ಟವು. 2013ರ ಅಕ್ಟೋಬರಿನಲ್ಲಿ ಇನ್ನು ಸಾಧ್ಯವಿಲ್ಲ ಎಂದು ಕೈಚೆಲ್ಲಿದವು, ಫಾಗೋರ್ ದಿವಾಳಿಯಾಯಿತು. ಜಗತ್ತಿನಾದ್ಯಂತ ಸುಮಾರು 5,600 ಉದ್ಯೋಗಗಳು ಅದನ್ನು ನಂಬಿಕೊಂಡಿದ್ದವು.

ಖಾತೆಯ ಇನ್ನೊಂದು ಮುಖ ಕಂಡದ್ದು ಆಗ. ಕಾರ್ಖಾನೆ ಮುಳುಗಿದಾಗ ಸದಸ್ಯರ ಹೆಸರಿನಲ್ಲಿ ದಶಕಗಟ್ಟಲೆ ಜಮೆಯಾಗಿದ್ದ ಮೊತ್ತವೂ ಮುಳುಗಿತು. ಸಂಸ್ಥೆಯ ಮೇಲಿನ ನಂಬಿಕೆಯಿಂದ ಅದರ ಬಾಂಡು ಕೊಂಡಿದ್ದ ಊರಿನ ಸಾಮಾನ್ಯ ಉಳಿತಾಯಗಾರರೂ ಕಳೆದುಕೊಂಡರು. ಬೀದಿಯಲ್ಲಿ ಪ್ರತಿಭಟನೆ ನಡೆಯಿತು. ಆದರೆ ಬಾಸ್ಕ್ ನಾಡಿನ ಸದಸ್ಯರಲ್ಲಿ ಬಹುಪಾಲು ಮಂದಿಗೆ ಒಕ್ಕೂಟದ ಇತರ ಸಹಕಾರಿಗಳಲ್ಲಿ ಕೆಲಸ ಕೊಡಿಸಿದರು, ವಯಸ್ಸಾದವರನ್ನು ಅವಧಿಗೆ ಮೊದಲೇ ಪಿಂಚಣಿಗೆ ಕಳಿಸಿದರು; 1959ರಲ್ಲಿ ಸರ್ಕಾರ ಹೊರದೂಡಿದ್ದರಿಂದ ಹುಟ್ಟಿದ ಲಗುನ್ ಆರೋ ಅದರ ಖರ್ಚು ಹೊತ್ತಿತು. ಪೋಲೆಂಡಿನ, ಫ್ರಾನ್ಸಿನ ನೌಕರರಿಗೆ ಆ ಆಸರೆ ಇರಲಿಲ್ಲ.

ಇಂದು ಒಕ್ಕೂಟದಲ್ಲಿ ಸುಮಾರು 80 ಸಹಕಾರಿಗಳಿವೆ, ಸುಮಾರು 70,000 ಮಂದಿ ದುಡಿಯುತ್ತಾರೆ. ಪಾದ್ರಿ ಶುರುಮಾಡಿದ ಶಾಲೆ ವಿಶ್ವವಿದ್ಯಾಲಯವಾಗಿದೆ. 2022ರ ಡಿಸೆಂಬರಿನಲ್ಲಿ ಲಿಫ್ಟ್ ತಯಾರಿಸುವ ‘ಒರೋನಾ’ ಮತ್ತು ಕಟ್ಟಡ ಸಲಕರಣೆಗಳ ‘ಉಲ್ಮಾ’ ಎಂಬ ಎರಡು ದೊಡ್ಡ ಸಹಕಾರಿಗಳು ತಮ್ಮ ತಮ್ಮ ಮಹಾಸಭೆ ಕರೆದು, ಒಕ್ಕೂಟದಲ್ಲಿ ಇರಬೇಕೇ ಬೇಡವೇ ಎಂದು ಮತಕ್ಕೆ ಹಾಕಿದವು. ಲಾಭದಲ್ಲಿದ್ದವರು ಅವರು, ಇತರರ ನಷ್ಟಕ್ಕೆ ಎಷ್ಟು ದಿನ ಹೆಗಲು ಕೊಡುವುದು, ನಮ್ಮ ತೀರ್ಮಾನ ನಮಗಿರಬಾರದೇ ಎಂಬ ಮಾತು ವರ್ಷಗಳಿಂದ ಇತ್ತು. ಬಹುಮತ ಹೊರಹೋಗುವ ಕಡೆಗೇ ಬಂತು. ಎರಡೂ ಒಕ್ಕೂಟ ಬಿಟ್ಟವು, ಷೇರು ಮಾರುಕಟ್ಟೆಗೆ ಹೋಗಲಿಲ್ಲ, ಯಾರಿಗೂ ಮಾರಾಟವಾಗಲಿಲ್ಲ. ಒರೋನಾದಲ್ಲಿ ಈಗಲೂ ಸದಸ್ಯರಿಗೆ ಖಾತೆಯಿದೆ, ಒಬ್ಬರಿಗೆ ಒಂದೇ ಮತ.